ಎರಡೂ ಒಂದೇ ಎನ್ನುವ ಇಬ್ಬರಿಗೂ ಒಂದು ಉತ್ತರ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಓದುಗರ ಅಂಕಣದಲ್ಲಿ ಈಚೆಗೆ ಎರಡು ಪತ್ರ ಬಂದವು. ಒಬ್ಬರು, 'ಇಸ್ಲಾಮಿನಲ್ಲಿ ಧರ್ಮ, ರಾಜಕೀಯ ಬೇರೆ ಬೇರೆ ಅಲ್ಲ, ಅದಕ್ಕೇ ಮುಸ್ಲಿಮರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ' ಎಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು, 'ಹೌದು, ನಮ್ಮಲ್ಲಿ ಎರಡೂ ಒಂದೇ, ಅದೇ ನಮ್ಮ ಹೆಮ್ಮೆ' ಎಂದರು. ಇಬ್ಬರೂ ಜಗಳಕ್ಕೆ ನಿಂತಂತೆ ಕಾಣುತ್ತದೆ. ಆದರೆ ಇಬ್ಬರೂ ಹೇಳಿದ್ದು ಒಂದೇ ಮಾತು ಅಲ್ವಾ? ಆ ಮಾತಿಗೆ ಚರಿತ್ರೆಯಲ್ಲಿ ಆಧಾರ ಕಡಿಮೆ ಎಂದು ಹೇಳುವುದಕ್ಕೆ ಈ ಪತ್ರ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಐದು ಹೊತ್ತಿನ ನಮಾಜು ಬಿಡದವನು. ಧರ್ಮದಿಂದ ದೂರ ಸರಿದು ನಿಂತು ಇದನ್ನು ಬರೆಯುತ್ತಿಲ್ಲ. ಸರ್ಕಾರಗಳ ಕೈಗೆ ಸಿಕ್ಕಿ ನನ್ನ ಧರ್ಮಕ್ಕೆ ಆಗಿರುವ ನೋವನ್ನು ಓದಿ ತಿಳಿದಿದ್ದೇನೆ. ಅದಕ್ಕೇ ಸುಮ್ಮನಿರಲು ಆಗಲಿಲ್ಲ.

ಮೊದಲು, ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಪ್ರವಾದಿ ಮುಹಮ್ಮದರು (ಸ) 622ರಲ್ಲಿ ಮದೀನಾಕ್ಕೆ ಹೋದ ಮೇಲೆ ಬರೀ ಉಪದೇಶ ಮಾಡಲಿಲ್ಲ. ಬುಡಕಟ್ಟುಗಳ ನಡುವೆ ಒಪ್ಪಂದ ಮಾಡಿಸಿದರು. ಅದರಲ್ಲಿ ಯಹೂದಿಗಳೂ ಇದ್ದರು, ಅವರ ಧರ್ಮ ಅವರಿಗೆ ಎಂದು ಆ ಒಪ್ಪಂದದಲ್ಲೇ ಬರೆದಿತ್ತು. ಪ್ರವಾದಿಯವರು ಯುದ್ಧ ನಡೆಸಿದರು, ಸಂಧಿ ಮಾಡಿಕೊಂಡರು, ವ್ಯಾಜ್ಯಗಳನ್ನು ತೀರ್ಮಾನಿಸಿದರು. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಎರಡನೇ ಪತ್ರ ಬರೆದವರು ಇದನ್ನೇ ಮುಂದಿಟ್ಟಿದ್ದಾರೆ.

ಆದರೆ ಅವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಕಷ್ಟದ ಪ್ರಶ್ನೆ ಹುಟ್ಟುವುದು 632ರಲ್ಲಿ, ಪ್ರವಾದಿಯವರು ತೀರಿಕೊಂಡ ದಿನ. ಅವರಿಗೆ ಬರುತ್ತಿದ್ದ ದೈವವಾಣಿ ಅಲ್ಲಿಗೆ ನಿಂತಿತು. ಆಮೇಲೆ ಆಳಿದವರು ಯಾರಿಗೂ ಅದು ಬರಲಿಲ್ಲ, ಬರುತ್ತದೆ ಎಂದು ಅವರು ಹೇಳಿಕೊಳ್ಳಲೂ ಇಲ್ಲ. ಮುಂದೆ ಯಾರು ಆಳಬೇಕು, ಅವರನ್ನು ಹೇಗೆ ಆರಿಸಬೇಕು, ತಪ್ಪು ಮಾಡಿದರೆ ಹೇಗೆ ಇಳಿಸಬೇಕು ಎಂಬುದನ್ನು ಕುರ್‌ಆನ್ ಹೇಳಿಲ್ಲ. ಪರಸ್ಪರ ಸಮಾಲೋಚಿಸಿ ನಡೆಯುವವರನ್ನು ಅದು ಹೊಗಳುತ್ತದೆ. ಸಮಾಲೋಚನೆ ಹೇಗೆ ನಡೆಯಬೇಕು ಎಂಬುದು ಮನುಷ್ಯರಿಗೆ ಬಿಟ್ಟದ್ದು. ಶಿಯಾ ಬಾಂಧವರು ಇದನ್ನು ಒಪ್ಪುವುದಿಲ್ಲ. ಪ್ರವಾದಿಯವರ ಅಳಿಯ ಹಜರತ್ ಅಲಿಯವರನ್ನು ಪ್ರವಾದಿಯವರೇ ನೇಮಿಸಿದ್ದರು ಎಂಬುದು ಅವರ ನಂಬಿಕೆ. ಆದರೆ ಅವತ್ತು ನಡೆದದ್ದು ಏನು ನೋಡಿ. ಮನೆಯವರು ಅಂತ್ಯಸಂಸ್ಕಾರದ ತಯಾರಿಯಲ್ಲಿದ್ದಾಗಲೇ, ಬನೂ ಸಾಯಿದಾ ಎಂಬ ಕುಲದವರ ಚಪ್ಪರದಡಿ ಸಭೆ ಸೇರಿತು. 'ನಿಮ್ಮಿಂದ ಒಬ್ಬ, ನಮ್ಮಿಂದ ಒಬ್ಬ ನಾಯಕ ಇರಲಿ' ಎಂದು ಮದೀನಾದವರು ಮಕ್ಕಾದಿಂದ ಬಂದವರನ್ನು ಕೇಳಿದರು. ವಾದ ಬೆಳೆಯಿತು. ಕೊನೆಗೆ ಹಜರತ್ ಅಬೂಬಕರ್ ಖಲೀಫರಾದರು, ಅಂದರೆ ಪ್ರವಾದಿಯವರ ನಂತರ ಮುಸ್ಲಿಮರನ್ನು ಆಳುವ ನಾಯಕರಾದರು. ಅವರ ಮೊದಲ ಭಾಷಣ ಪ್ರಸಿದ್ಧ: 'ನನ್ನನ್ನು ನಿಮ್ಮ ಮೇಲೆ ನೇಮಿಸಿದ್ದಾರೆ, ನಾನು ನಿಮ್ಮಲ್ಲಿ ಉತ್ತಮನೇನಲ್ಲ. ಸರಿ ನಡೆದರೆ ಸಹಾಯ ಮಾಡಿ, ತಪ್ಪಿದರೆ ತಿದ್ದಿ.' ದೇವರ ಪ್ರತಿನಿಧಿ ಎಂದುಕೊಂಡವರು ಆಡುವ ಮಾತೇ ಇದು?

ಎರಡನೇ ಖಲೀಫರನ್ನು ಮೊದಲನೆಯವರು ಹೆಸರಿಸಿದರು. ಮೂರನೆಯವರನ್ನು ಆರು ಜನರ ಸಮಿತಿ ಆರಿಸಿತು. ನಾಲ್ಕನೆಯವರು ಬಂದದ್ದು ದಂಗೆಯ ನಡುವೆ. ಪ್ರತಿ ಸಲವೂ ಬೇರೆ ಬೇರೆ ದಾರಿ. ಈ ನಾಲ್ವರಲ್ಲಿ ಮೂವರು ಕೊಲೆಯಾಗಿ ಸತ್ತರು: ಉಮರ್ 644ರಲ್ಲಿ, ಉಸ್ಮಾನ್ 656ರಲ್ಲಿ, ಅಲಿ 661ರಲ್ಲಿ.

657ರ ಸಿಫ್ಫೀನ್ ಯುದ್ಧದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಚರ್ಚೆಗೆ ಬೇಕಾದದ್ದೆಲ್ಲ ಅಲ್ಲೇ ಇದೆ ಅನಿಸುತ್ತದೆ ನನಗೆ. ಯೂಫ್ರೆಟಿಸ್ ನದಿಯ ಹತ್ತಿರ ಒಂದು ಕಡೆ ಖಲೀಫ ಅಲಿ, ಇನ್ನೊಂದು ಕಡೆ ಸಿರಿಯಾದ ಗವರ್ನರ್ ಮುಆವಿಯಾ. ಎರಡೂ ಕಡೆ ಮುಸ್ಲಿಮರೇ. ತಮ್ಮವರು ಸೋಲುತ್ತಾರೆ ಎಂದು ಕಂಡಾಗ ಮುಆವಿಯಾರ ಸೈನಿಕರು ಕುರ್‌ಆನಿನ ಪ್ರತಿಗಳನ್ನು ಈಟಿಗಳ ತುದಿಗೆ ಕಟ್ಟಿ ಮೇಲೆತ್ತಿದರು. 'ನಮ್ಮ ನಿಮ್ಮ ನಡುವೆ ದೇವರ ಗ್ರಂಥವೇ ತೀರ್ಪು ಕೊಡಲಿ' ಎಂದರು. ಇದು ತಂತ್ರ ಎಂದು ಅಲಿಯವರಿಗೆ ಗೊತ್ತಾಯಿತು. ಆದರೆ ಅವರ ಸೈನಿಕರೇ ಕತ್ತಿ ಕೆಳಗಿಟ್ಟರು. ಕುರ್‌ಆನಿನ ವಿರುದ್ಧ ಹೋರಾಡುವುದು ಹೇಗೆ ಎಂದು ಕೇಳಿ, ಮಧ್ಯಸ್ಥಿಕೆಗೆ ಒಪ್ಪಲೇಬೇಕು ಎಂದು ಅವರ ಮೇಲೆ ಒತ್ತಡ ಹಾಕಿದರು. ಅಲಿ ಒಪ್ಪಿದರು. ಒಪ್ಪಿದ ಮೇಲೆ ಅವರ ಸೈನಿಕರಲ್ಲೇ ಒಂದು ಗುಂಪು ತಿರುಗಿಬಿದ್ದಿತು. 'ತೀರ್ಪು ಕೊಡುವ ಅಧಿಕಾರ ಅಲ್ಲಾಹನಿಗೆ ಮಾತ್ರ, ಮನುಷ್ಯರನ್ನು ಮಧ್ಯಸ್ಥರನ್ನಾಗಿ ಮಾಡಿದ್ದೇ ಪಾಪ' ಎಂದು ಕೂಗಿದರು. ಚರಿತ್ರೆ ಅವರನ್ನು ಖಾರಿಜಿಗಳು ಎನ್ನುತ್ತದೆ.

ಅದಕ್ಕೆ ಅಲಿಯವರು ಕೊಟ್ಟ ಉತ್ತರವನ್ನು ಎರಡನೇ ಪತ್ರದ ಲೇಖಕರು ದಯವಿಟ್ಟು ಓದಬೇಕು. 'ಮಾತು ಸತ್ಯ, ಆದರೆ ಅದನ್ನು ಬಳಸುತ್ತಿರುವುದು ಅಸತ್ಯಕ್ಕೆ' ಎಂದರು ಅವರು. ಇನ್ನೂ ಒಂದು ಮಾತು ಹೇಳಿದರು: 'ಈ ಕುರ್‌ಆನ್ ಎರಡು ರಟ್ಟುಗಳ ನಡುವಿನ ಬರಹ. ಅದು ತಾನಾಗಿ ಮಾತಾಡುವುದಿಲ್ಲ, ಅದರ ಪರವಾಗಿ ಮನುಷ್ಯರು ಮಾತಾಡುತ್ತಾರೆ.' ಪ್ರವಾದಿಯವರ ಮನೆಯಲ್ಲೇ ಬೆಳೆದವರು, ಅವರ ಅಳಿಯ, ಇಂಥ ಮಾತು ಹೇಳುತ್ತಾರೆ. ಅವರನ್ನು ಕೂಫಾದಲ್ಲಿ ಕತ್ತಿಯಿಂದ ಹೊಡೆದು ಕೊಂದವನು ಖಾರಿಜಿಗಳ ಪೈಕಿಯವನು. ದೇವರ ಆಳ್ವಿಕೆ ಬಿಟ್ಟು ಬೇರೇನೂ ಬೇಡ ಎಂದವನು.

ನನ್ನ ತಮ್ಮನ ಮಗ ಇದೇ ವಿಷಯಕ್ಕೆ ನನ್ನ ಜೊತೆ ವಾದ ಮಾಡುತ್ತಾನೆ. ಓದಿಕೊಂಡ ಹುಡುಗ, ಒಳ್ಳೆಯ ಮನಸ್ಸಿನವನು. 'ಬಡೇ ಅಬ್ಬಾ, ಇಲ್ಲಿಯ ತನಕ ಯಾರೂ ಸರಿಯಾಗಿ ಮಾಡಲಿಲ್ಲ ಅಷ್ಟೇ. ನಿಜವಾದ ಈಮಾನ್ (ದೇವರಲ್ಲಿ ನಂಬಿಕೆ) ಇರುವವರು ಅಧಿಕಾರಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆ' ಎನ್ನುತ್ತಾನೆ. ನಾನು ಅವನಿಗೆ ಹೇಳುವುದು ಇಷ್ಟೇ: ಸಿಫ್ಫೀನಿನಲ್ಲಿ ಎದುರುಬದುರು ನಿಂತವರಲ್ಲಿ ಪ್ರವಾದಿಯವರನ್ನು ಕಣ್ಣಾರೆ ಕಂಡವರಿದ್ದರು ಮಗಾ. ಅದಕ್ಕೂ ಮೊದಲು, 656ರ ಒಂಟೆ ಯುದ್ಧದಲ್ಲಿ ಒಂದು ಕಡೆ ಅಲಿ, ಇನ್ನೊಂದು ಕಡೆ ಪ್ರವಾದಿಯವರ ಪತ್ನಿ ಆಯಿಶಾ. ಅವರಿಗಿಂತ ಜಾಸ್ತಿ ಈಮಾನ್ ಇರುವವರನ್ನು ಎಲ್ಲಿಂದ ತರುತ್ತೀಯ? ಅಧಿಕಾರ ಎಂದ ಮೇಲೆ ಯಾರ ಕೈಯಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈಮಾನ್ ಎಷ್ಟೇ ಇದ್ದರೂ ಆ ಪ್ರಶ್ನೆ ಕರಗುವುದಿಲ್ಲ.

ಆಮೇಲೆ ಬಂದದ್ದು ರಾಜಮನೆತನಗಳ ಕಾಲ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನು ಕೊಂದದ್ದು ಮುಸ್ಲಿಂ ಖಲೀಫನ ಸೈನ್ಯವೇ. ಉಮಯ್ಯದ್ ಮನೆತನದ ಖಲೀಫರ ಕಾಲದಲ್ಲಿ ಮಸೀದಿಯ ಮಿಂಬರಿನ (ಪ್ರವಚನ ಪೀಠದ) ಮೇಲೆ ನಿಂತು ಅಲಿಯವರನ್ನು ನಿಂದಿಸುವ ಪದ್ಧತಿ ಇತ್ತು. 717ರಲ್ಲಿ ಖಲೀಫರಾದ ಎರಡನೇ ಉಮರ್ ಅದನ್ನು ನಿಲ್ಲಿಸಿದರು ಎಂದು ಚರಿತ್ರಕಾರರು ಬರೆದಿದ್ದಾರೆ. ಶುಕ್ರವಾರದ ಖುತ್ಬಾದಲ್ಲಿ (ನಮಾಜಿನ ಪ್ರವಚನದಲ್ಲಿ) ಯಾರ ಹೆಸರು ಓದುತ್ತಾರೋ ಅವನೇ ದೊರೆ, ನಾಣ್ಯದ ಮೇಲೆ ಯಾರ ಹೆಸರಿದೆಯೋ ಅವನೇ ದೊರೆ. ಅದು ಆ ಕಾಲದ ನಿಯಮ. ಈಗಲೂ ಎಷ್ಟೋ ಮಸೀದಿಗಳಲ್ಲಿ ಎರಡನೇ ಖುತ್ಬಾದಲ್ಲಿ 'ಸುಲ್ತಾನ ಭೂಮಿಯ ಮೇಲೆ ಅಲ್ಲಾಹನ ನೆರಳು' ಎಂಬ ಅರಬ್ಬಿ ವಾಕ್ಯ ಓದುತ್ತಾರೆ. ಅದನ್ನು ಪ್ರವಾದಿವಚನ ಎನ್ನುವುದುಂಟು, ಆದರೆ ಅದರ ಆಧಾರ ದುರ್ಬಲ ಎಂದ ಹದೀಸ್ ಪಂಡಿತರಿದ್ದಾರೆ. ಸುಲ್ತಾನರು ಹೋಗಿ ಎಷ್ಟು ಕಾಲವಾಯಿತು! ಆ ವಾಕ್ಯ ಕೇಳಿದಾಗಲೆಲ್ಲ ನನಗೆ ಒಳಗೇ ಚುಚ್ಚುತ್ತದೆ. ಅಲ್ಲಾಹನ ಮುಂದೆ ಎಲ್ಲರೂ ಒಂದೇ ಸಾಲು ಎಂದು ಕಲಿಸುವ ಜಾಗದಲ್ಲಿ ಈ ಮಾತಿಗೆ ಏನು ಕೆಲಸ?

ಹಾಗಾದರೆ ಧರ್ಮವನ್ನು ಉಳಿಸಿದವರು ಯಾರು? ಸಿಂಹಾಸನದಿಂದ ದೂರ ಇದ್ದವರು. ಜಗತ್ತಿನ ಸುನ್ನಿಗಳಲ್ಲಿ ಅತಿ ಹೆಚ್ಚು ಜನ ಅನುಸರಿಸುವುದು ಇಮಾಮ್ ಅಬೂ ಹನೀಫಾರ ಪಂಥವನ್ನು. ಖಲೀಫ ಮನ್ಸೂರ್ ಈ ಇಮಾಮರನ್ನು ಕರೆದು ಖಾಜಿ (ನ್ಯಾಯಾಧೀಶ) ಹುದ್ದೆ ಕೊಡುತ್ತೇನೆ ಎಂದ. 'ನಾನು ಅದಕ್ಕೆ ಯೋಗ್ಯನಲ್ಲ' ಎಂದರು ಇಮಾಮರು. 'ಸುಳ್ಳು ಹೇಳುತ್ತೀಯ' ಎಂದ ಖಲೀಫ. 'ಹಾಗಾದರೆ ಸುಳ್ಳುಗಾರನನ್ನು ಖಾಜಿ ಮಾಡುವುದು ಹೇಗೆ?' ಎಂದು ಕೇಳಿದರಂತೆ. ಅವರ ಜೀವನಚರಿತ್ರೆಗಳಲ್ಲಿ ಈ ಪ್ರಸಂಗ ಬರುತ್ತದೆ. ಅವರನ್ನು ಜೈಲಿಗೆ ಹಾಕಿದರು. 767ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡರು. ಮದೀನಾದ ಇಮಾಮ್ ಮಾಲಿಕ್ ಛಡಿಯೇಟು ತಿಂದರು.

ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಅವರದ್ದು ಇನ್ನೂ ದೊಡ್ಡ ಕಥೆ. 833ರಲ್ಲಿ ಖಲೀಫ ಮಾಮೂನ್ ಒಂದು ಆಜ್ಞೆ ಹೊರಡಿಸಿದ. ಕುರ್‌ಆನ್ ಸೃಷ್ಟಿಯಾದದ್ದು ಎಂದು ಎಲ್ಲ ಖಾಜಿಗಳೂ ಪಂಡಿತರೂ ಒಪ್ಪಬೇಕು, ಒಪ್ಪದವರಿಗೆ ಶಿಕ್ಷೆ. ಇದು ದೇವಶಾಸ್ತ್ರದ ಸೂಕ್ಷ್ಮ ಪ್ರಶ್ನೆ. ಯಾವ ಉತ್ತರ ಸರಿ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಂಬಿಕೆಯ ವಿಷಯದಲ್ಲಿ ಕೊನೆಯ ಮಾತು ಯಾರದ್ದು ಎಂಬುದೇ ಅಲ್ಲಿ ನಿಜವಾಗಿ ತೀರ್ಮಾನವಾಗಬೇಕಿತ್ತು. ಬಹಳ ಜನ ಹೆದರಿ ತಲೆಯಾಡಿಸಿದರು. ಇಬ್ನ್ ಹಂಬಲ್ ಒಪ್ಪಲಿಲ್ಲ. ಸರಪಳಿ ಹಾಕಿದರು, ಜೈಲಿನಲ್ಲಿಟ್ಟರು, ಮಾಮೂನನ ನಂತರ ಬಂದ ಮುಅತಸಿಮನ ಕಾಲದಲ್ಲಿ ಚಾಟಿಯಿಂದ ಹೊಡೆದರು. ಆದರೂ ಒಪ್ಪಲಿಲ್ಲ. ಸುಮಾರು 15 ವರ್ಷಗಳ ನಂತರ ಖಲೀಫ ಮುತವಕ್ಕಿಲ್ ಆ ವಿಚಾರಣೆಯನ್ನೇ ಕೈಬಿಟ್ಟ. ಇಬ್ನ್ ಹಂಬಲರನ್ನು ಅರಮನೆಗೆ ಕರೆಸಿಕೊಂಡ, ಉಡುಗೊರೆ ಕೊಡಲು ಬಂದ. ಅವರು ಅರಮನೆಯ ಊಟವನ್ನೂ ಮುಟ್ಟಲಿಲ್ಲ. ತಮ್ಮ ಪರ ಇದ್ದ ಖಲೀಫನಿಂದಲೂ ದೂರ ಉಳಿದರಲ್ಲ, ಅದನ್ನು ಓದಿದಾಗ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಇದಾದ ಮೇಲೆ ಸುನ್ನಿ ಇಸ್ಲಾಮಿನಲ್ಲಿ ಧರ್ಮ ಏನು ಹೇಳುತ್ತದೆ ಎಂದು ತೀರ್ಮಾನಿಸುವ ಹಕ್ಕು ಖಲೀಫರ ಕೈಯಲ್ಲಿ ಉಳಿಯಲಿಲ್ಲ. ಅದು ಉಲಮಾಗಳದ್ದು, ಅಂದರೆ ಧರ್ಮಪಂಡಿತರದ್ದಾಯಿತು. 945ರಲ್ಲಿ ಬುವೈಹಿ ಎಂಬ ಮನೆತನದವರು ಬಾಗ್ದಾದನ್ನು ಹಿಡಿದ ಮೇಲಂತೂ ಖಲೀಫ ಹೆಸರಿಗೆ ಮಾತ್ರ ಉಳಿದ. ಸೈನ್ಯ, ತೆರಿಗೆ, ಆಡಳಿತ ಎಲ್ಲ ಅಮೀರರದ್ದು, ಸುಲ್ತಾನರದ್ದು. ಅಂದರೆ ಇಸ್ಲಾಮಿನ ಚರಿತ್ರೆಯ ಬಹುಪಾಲು ಕಾಲದಲ್ಲಿ ಆಳುವವರು ಬೇರೆ, ಧರ್ಮ ಹೇಳುವವರು ಬೇರೆ. ಇಬ್ಬರ ನಡುವೆ ಕೊಡುಕೊಳ್ಳುವಿಕೆ ಇತ್ತು, ಎಳೆದಾಟ ಇತ್ತು. ಒಂದೇ ಆಗಿರಲಿಲ್ಲ.

ಉಲಮಾಗಳು ಸರ್ಕಾರದ ಸಂಬಳಕ್ಕೆ ಸೇರಿದಲ್ಲಿ ಏನಾಯಿತು ಎಂಬುದಕ್ಕೆ ಉಸ್ಮಾನಿ (ಆಟೊಮನ್) ತುರ್ಕರ ಚರಿತ್ರೆ ನೋಡಿ. ಪಟ್ಟಕ್ಕೆ ಬಂದ ಮಗ ರಾಜ್ಯದ ಹಿತಕ್ಕಾಗಿ ತನ್ನ ಅಣ್ಣತಮ್ಮಂದಿರನ್ನು ಕೊಲ್ಲಬಹುದು, ಇದಕ್ಕೆ ಬಹುತೇಕ ಉಲಮಾಗಳ ಒಪ್ಪಿಗೆ ಇದೆ ಎಂದು ಸುಲ್ತಾನ ಎರಡನೇ ಮೆಹಮದನ ಶಾಸನ ಹೇಳಿತು. 1595ರಲ್ಲಿ ಮೂರನೇ ಮೆಹಮದ್ ಪಟ್ಟಕ್ಕೆ ಬಂದಾಗ ತನ್ನ 19 ಸಹೋದರರನ್ನು ಕೊಲ್ಲಿಸಿದ. ಯಾವ ಧರ್ಮ ಇದನ್ನು ಒಪ್ಪುತ್ತದೆ?

ಇನ್ನು ಹೊಸ ಕಾಲಕ್ಕೆ ಬರುತ್ತೇನೆ. 1924ರ ಮಾರ್ಚ್ 3ರಂದು ತುರ್ಕಿಯ ಸಂಸತ್ತು ಖಿಲಾಫತ್ತನ್ನೇ (ಖಲೀಫನ ಪದವಿಯನ್ನೇ) ರದ್ದು ಮಾಡಿತು. ಮರುವರ್ಷ ಈಜಿಪ್ಟಿನ ಶರೀಅತ್ ನ್ಯಾಯಾಧೀಶ ಅಲಿ ಅಬ್ದುಲ್ ರಾಜಿಕ್ ಒಂದು ಪುಸ್ತಕ ಬರೆದು, ಖಿಲಾಫತ್ ಧರ್ಮದ ಭಾಗವೇ ಅಲ್ಲ, ಪ್ರವಾದಿಯವರು ಬಂದದ್ದು ಸಂದೇಶ ಕೊಡಲು, ರಾಜ್ಯ ಕಟ್ಟಲು ಅಲ್ಲ ಎಂದು ವಾದಿಸಿದರು. ಅವರೇನು ಹೊರಗಿನವರಲ್ಲ, ಕೈರೋದ ಇಸ್ಲಾಮಿ ವಿದ್ಯಾಪೀಠ ಅಲ್ ಅಜ್ಹರ್‌ನಲ್ಲೇ ಓದಿದವರು. ಅದೇ ಅಲ್ ಅಜ್ಹರ್ ಅವರ ಆಲಿಮ್ (ಧರ್ಮಪಂಡಿತ) ಪದವಿ ಕಿತ್ತುಕೊಂಡಿತು. ಆಗ ಈಜಿಪ್ಟಿನ ದೊರೆ ಫುಆದ್‌ಗೆ ತಾನೇ ಖಲೀಫನಾಗುವ ಆಸೆ ಇತ್ತು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಅವರ ವಾದ ಪೂರ್ತಿ ಸರಿ ಎಂದು ನಾನು ಹೇಳುವುದಿಲ್ಲ. ಮದೀನಾದ ಕಾಲವನ್ನು ಅವರು ತೀರಾ ಹಗುರ ಮಾಡಿದರು ಅನಿಸುತ್ತದೆ. ಆದರೆ ಉತ್ತರ ಕೊಡುವುದು ಬಿಟ್ಟು ಪದವಿ ಕಿತ್ತುಕೊಂಡದ್ದು ಅನ್ಯಾಯ.

ಪಾಕಿಸ್ತಾನದ ಜನರಲ್ ಜಿಯಾ ಉಲ್ ಹಕ್ 1980ರಲ್ಲಿ ಜಕಾತನ್ನು (ಕಡ್ಡಾಯ ದಾನವನ್ನು) ಸರ್ಕಾರವೇ ವಸೂಲಿ ಮಾಡುವ ಕಾನೂನು ತಂದರು. ರಂಜಾನಿನ ಮೊದಲ ದಿನ ಬ್ಯಾಂಕಿನ ಉಳಿತಾಯ ಖಾತೆಯಿಂದ ಶೇ 2.5 ಕಡಿತ. ಶಿಯಾಗಳು ಇಸ್ಲಾಮಾಬಾದಿನಲ್ಲಿ ದೊಡ್ಡ ಪ್ರತಿಭಟನೆ ಮಾಡಿ ವಿನಾಯಿತಿ ಪಡೆದರು. ಉಳಿದವರಲ್ಲಿ ಬಹಳ ಜನ ರಂಜಾನಿಗೆ ಮೊದಲೇ ಬ್ಯಾಂಕಿನಿಂದ ದುಡ್ಡು ತೆಗೆದಿಟ್ಟುಕೊಳ್ಳಲು ಶುರುಮಾಡಿದರು. ಯೋಚಿಸಿ ನೋಡಿ. ಜಕಾತ್ ನಮ್ಮ ಐದು ಸ್ತಂಭಗಳಲ್ಲಿ ಒಂದು. ಬಡವನ ಪಾಲು ಎಂದು ಮನಸ್ಸಾರೆ ಲೆಕ್ಕ ಹಾಕಿ ಕೊಡುವಂಥದ್ದು. ಸರ್ಕಾರ ಕೈಹಾಕಿದ ಕೂಡಲೇ ಅದು ತಪ್ಪಿಸಿಕೊಳ್ಳಬೇಕಾದ ತೆರಿಗೆಯಾಯಿತು. ದೇವರ ಭಯದಿಂದ ಕೊಡುತ್ತಿದ್ದವರನ್ನು ಸರ್ಕಾರದ ಭಯದಿಂದ ಅಡಗಿಸಿಡುವವರನ್ನಾಗಿ ಮಾಡಿತು.

ನಾಲ್ಕು ವರ್ಷದ ನಂತರ, 1984ರ ಡಿಸೆಂಬರಿನಲ್ಲಿ, ಅದೇ ಜಿಯಾ ಜನಮತ ಕೇಳಿದರು. ದೇಶದ ಕಾನೂನುಗಳನ್ನು ಕುರ್‌ಆನ್, ಸುನ್ನತ್‌ಗೆ (ಪ್ರವಾದಿಯವರ ನಡೆನುಡಿಗೆ) ಹೊಂದಿಸಲು ಅಧ್ಯಕ್ಷರು ಶುರುಮಾಡಿದ ಕೆಲಸವನ್ನು ಒಪ್ಪುತ್ತೀರಾ ಎಂಬುದು ಪ್ರಶ್ನೆಯ ಸಾರ. ಹೌದು ಎಂದರೆ ಜಿಯಾ ಇನ್ನೈದು ವರ್ಷ ಅಧ್ಯಕ್ಷರು! ಇಲ್ಲ ಎಂದರೆ ಇಸ್ಲಾಮಿಗೇ ಇಲ್ಲ ಎಂದ ಹಾಗೆ. ಶೇ 97ಕ್ಕೂ ಹೆಚ್ಚು ಹೌದು ಎಂದು ಸರ್ಕಾರ ಘೋಷಿಸಿತು. ಸಿಫ್ಫೀನಿನ ಈಟಿಗೂ ಈ ಮತಪತ್ರಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ 30 ವರ್ಷ ಮೊದಲು, 1953ರಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಅಹ್ಮದಿಯಾ ಪಂಗಡದ ವಿರುದ್ಧ ನಡೆದ ಗಲಭೆಯ ತನಿಖೆ ನಡೆಸಿದ ನ್ಯಾಯಮೂರ್ತಿಗಳು, ಮುಸ್ಲಿಮ್ ಎಂದರೆ ಯಾರು ಎಂದು ದೊಡ್ಡ ದೊಡ್ಡ ಉಲಮಾಗಳನ್ನು ಒಬ್ಬೊಬ್ಬರಾಗಿ ಕೇಳಿದ್ದರು. ಯಾವ ಇಬ್ಬರ ಉತ್ತರವೂ ಒಂದೇ ಆಗಿರಲಿಲ್ಲ ಎಂದು 1954ರ ವರದಿಯಲ್ಲಿ ಬರೆದರು. ಮನೆಯಲ್ಲಿ, ಮದರಸಾದಲ್ಲಿ ಈ ಭಿನ್ನಾಭಿಪ್ರಾಯ ಇದ್ದರೆ ತೊಂದರೆ ಇಲ್ಲ. ಪೊಲೀಸ್, ಕೋರ್ಟು ಇರುವ ಸರ್ಕಾರ ಅದರಲ್ಲಿ ಒಂದನ್ನು ಆರಿಸಿಕೊಂಡರೆ ಉಳಿದವರ ಗತಿ ಏನು?

ಇರಾನಿನಲ್ಲಿ ಧರ್ಮಗುರುಗಳೇ ಆಳುತ್ತಾರಲ್ಲ, ಅಲ್ಲಾದರೂ ಧರ್ಮ ಮೇಲೆ, ರಾಜಕೀಯ ಕೆಳಗೆ ಇರಬೇಕಲ್ಲ ಎಂದು ಕೇಳಬಹುದು. 1988ರ ಜನವರಿಯಲ್ಲಿ ಅಲ್ಲಿನ ಪರಮೋಚ್ಚ ನಾಯಕ ಆಯತುಲ್ಲಾ ಖೊಮೇನಿ ಒಂದು ಪತ್ರ ಬರೆದರು. ಇಸ್ಲಾಮಿ ಸರ್ಕಾರ ಉಳಿದ ವಿಧಿಗಳಿಗಿಂತ ಮೇಲು, ನಮಾಜು, ಉಪವಾಸ, ಹಜ್‌ಗಿಂತಲೂ ಮೇಲು, ಅಗತ್ಯ ಬಿದ್ದರೆ ಸರ್ಕಾರ ಹಜ್ ಯಾತ್ರೆಯನ್ನೂ ತಾತ್ಕಾಲಿಕವಾಗಿ ತಡೆಯಬಹುದು ಎಂಬುದು ಅದರ ಸಾರ. ಈ ಪತ್ರದ ಬಗ್ಗೆ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ಧರ್ಮ ಉಳಿಸಲು ಬಂದ ಸರ್ಕಾರ, ತನ್ನನ್ನು ಉಳಿಸಿಕೊಳ್ಳಲು ನಮಾಜನ್ನೂ ಬದಿಗಿಡಬಹುದು ಎನ್ನುವ ಹಂತಕ್ಕೆ ಒಂಬತ್ತೇ ವರ್ಷದಲ್ಲಿ ಬಂದಿತ್ತು. ಧರ್ಮಗುರುಗಳು ಆಳುವ ಆ ವ್ಯವಸ್ಥೆಯನ್ನು 1979ರ ಸಂವಿಧಾನದಲ್ಲಿ ಸೇರಿಸಲು ದುಡಿದ ಆಯತುಲ್ಲಾ ಮೊಂತಜರಿಯವರನ್ನೇ, 1988ರಲ್ಲಿ ಜೈಲುಗಳಲ್ಲಿ ನಡೆದ ಸಾಮೂಹಿಕ ಮರಣದಂಡನೆಯನ್ನು ವಿರೋಧಿಸಿದ ನಂತರ, ಖೊಮೇನಿಯವರ ಉತ್ತರಾಧಿಕಾರಿ ಸ್ಥಾನದಿಂದ ಇಳಿಸಿದರು. ಮುಂದೆ 1997ರಿಂದ 2003ರ ತನಕ ಗೃಹಬಂಧನದಲ್ಲಿಟ್ಟರು. ಅಬೂ ಹನೀಫಾರಿಗೆ ಆದದ್ದೇ ಇವರಿಗೂ ಆಯಿತು.

ಮೊದಲ ಪತ್ರದ ಲೇಖಕರು ಇದನ್ನೆಲ್ಲ ಓದಿ 'ನಾನು ಹೇಳಿದ್ದೂ ಇದನ್ನೇ' ಎನ್ನಬಹುದು. ಅವರಿಗೂ ಹೇಳಬೇಕಾದ್ದಿದೆ. ಇಂಡೋನೇಷ್ಯಾವನ್ನು ಯಾಕೆ ಮರೆತಿರಿ? ಕೋಟಿಗಟ್ಟಲೆ ಮುಸ್ಲಿಮರ ದೇಶ ಅದು. 1945ರಲ್ಲಿ ಸಂವಿಧಾನದ ಪೀಠಿಕೆಯ ಕರಡಿನಲ್ಲಿ, ಮುಸ್ಲಿಮರು ಶರೀಅತ್ ಪಾಲಿಸುವುದು ಕಡ್ಡಾಯ ಎಂಬ ಅರ್ಥದ ಏಳು ಪದಗಳಿದ್ದವು. ಪೂರ್ವದ ದ್ವೀಪಗಳ ಕ್ರೈಸ್ತರಿಗೆ ಅದು ಸಮ್ಮತವಿರಲಿಲ್ಲ. ಸ್ವಾತಂತ್ರ್ಯ ಘೋಷಿಸಿದ ಮರುದಿನ, ಆಗಸ್ಟ್ 18ರಂದು, ಮುಸ್ಲಿಂ ನಾಯಕರು ಒಪ್ಪಿ ಆ ಪದಗಳನ್ನು ತೆಗೆದರು. ಅಲ್ಲಿನ ಉಲಮಾಗಳ ಬೃಹತ್ ಸಂಘಟನೆ ನಹ್ದತುಲ್ ಉಲಮಾ 1984ರಲ್ಲಿ ಪಕ್ಷ ರಾಜಕೀಯದಿಂದ ಹೊರಬಂದು ಶಿಕ್ಷಣ, ಸಮಾಜಸೇವೆಗೆ ಮರಳಿತು. ಅದರಿಂದ ಅಲ್ಲಿ ಮಸೀದಿಗಳು ಖಾಲಿಯಾಗಲಿಲ್ಲ. ಸೆನೆಗಲ್ ದೇಶದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಮುಸ್ಲಿಮರು. ಅಲ್ಲಿನ ಮೊದಲ ಅಧ್ಯಕ್ಷ ಸೆಂಘೋರ್ ಕ್ಯಾಥೊಲಿಕ್, 20 ವರ್ಷ ಆಳಿದರು, ಸೂಫಿ ಗುರುಗಳ ಬೆಂಬಲವೂ ಅವರಿಗಿತ್ತು. ಇರಾಕಿನ ನಜಫ್‌ನಲ್ಲಿ ಶಿಯಾ ಧರ್ಮಗುರು ಆಯತುಲ್ಲಾ ಸಿಸ್ತಾನಿ 2003ರಲ್ಲಿ ಒಂದು ಫತ್ವಾ (ಧಾರ್ಮಿಕ ಅಭಿಪ್ರಾಯ) ಕೊಟ್ಟರು. ಸಂವಿಧಾನ ಬರೆಯುವವರನ್ನು ಆಗ ದೇಶವನ್ನು ಹಿಡಿದಿದ್ದ ಅಮೆರಿಕದವರು ನೇಮಿಸಕೂಡದು, ಜನರೇ ಚುನಾಯಿಸಬೇಕು ಎಂದರು. ತಾವು ಮಾತ್ರ ಯಾವ ಹುದ್ದೆಗೂ ಹೋಗಲಿಲ್ಲ. ಇವರೆಲ್ಲ ಮುಸ್ಲಿಮರಲ್ಲವೇ?

ಹಾಗೆಂದು ಮುಸ್ಲಿಮನಾದವನು ರಾಜಕೀಯಕ್ಕೆ ಕಾಲಿಡಬಾರದು ಎಂದು ನಾನು ಹೇಳುತ್ತಿಲ್ಲ. ಅಳತೆಯಲ್ಲಿ ಮೋಸ ಮಾಡಬೇಡಿ, ಅನಾಥನ ಆಸ್ತಿ ಮುಟ್ಟಬೇಡಿ, ಸಾಕ್ಷಿ ಹೇಳುವಾಗ ನಿಮ್ಮವರ ವಿರುದ್ಧವಾದರೂ ಸತ್ಯ ಹೇಳಿ ಎನ್ನುತ್ತದೆ ಕುರ್‌ಆನ್. ಇದನ್ನು ನಂಬಿದವನು ಮತ ಹಾಕುವಾಗ, ಚುನಾವಣೆಗೆ ನಿಲ್ಲುವಾಗ, ಲಂಚ ಕೇಳಿದವನಿಗೆ ಇಲ್ಲ ಎನ್ನುವಾಗ ಅದೇ ನಂಬಿಕೆಯಿಂದ ನಡೆಯುತ್ತಾನೆ, ನಡೆಯಲಿ. ದಬ್ಬಾಳಿಕೆ ಮಾಡುವ ದೊರೆಯ ಮುಂದೆ ಸತ್ಯ ನುಡಿಯುವುದು ಶ್ರೇಷ್ಠ ಜಿಹಾದ್ ಎಂಬ ಹದೀಸ್ ಇದೆ. ಆದರೆ ದೊರೆಯೇ ದೇವರ ಹೆಸರಿನಲ್ಲಿ ಮಾತಾಡತೊಡಗಿದರೆ ಅವನ ಮುಂದೆ ಸತ್ಯ ನುಡಿಯುವವನನ್ನು ಧರ್ಮದ್ರೋಹಿ ಎನ್ನುವುದು ಎಷ್ಟು ಸುಲಭ! ನನ್ನ ಭಯ ಇರುವುದು ಅಲ್ಲಿ.

ಎರಡನೇ ಪತ್ರ ಬರೆದವರು ಮತ್ತೆ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ. ಅವರು ಬಯಸುವ ರಾಜ್ಯದಲ್ಲಿ ಕುರ್‌ಆನಿನ ಪರವಾಗಿ ಮಾತಾಡುವ ಮನುಷ್ಯ ಯಾರು, ಅವನನ್ನು ಯಾರು ಆರಿಸುತ್ತಾರೆ, ಅವನು ತಪ್ಪಿದರೆ ಯಾರು ಇಳಿಸುತ್ತಾರೆ, ಮತ್ತು ಅವನ ಮಾತು ಒಪ್ಪದ ಇನ್ನೊಬ್ಬ ಇಬ್ನ್ ಹಂಬಲ್ ಬಂದರೆ ಅವರನ್ನು ಎಲ್ಲಿ ಇಡುತ್ತಾರೆ ಎಂಬುದನ್ನು ಬಿಡಿಸಿ ಹೇಳಲಿ. ನನ್ನ ತಮ್ಮನ ಮಗನಿಗೂ ಇದೇ ಪ್ರಶ್ನೆ ಕೊಟ್ಟಿದ್ದೇನೆ. ಓದಿ ಹೇಳುತ್ತೇನೆ ಎಂದಿದ್ದಾನೆ.

ಇತಿ,
ನಿವೃತ್ತ ಇತಿಹಾಸ ಶಿಕ್ಷಕ